ಪಟ್ಟಿಯಲ್ಲಿರುವ ಕೆಂಪು

ವಾರಿಜ ಆ ದಿನ ಹಣೆಗೆ ಬೊಟ್ಟಿಡದೆ ಮೀನು ತಂದಿದ್ದಳು.

ಹಿಂಬಾಗಿಲಲ್ಲಿ ಬುಟ್ಟಿ ಇಳಿಸಿ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ ಅವಳನ್ನು ಕಂಡದ್ದೇ ಸಾರಮ್ಮನ ಎದೆ ಧಸಕ್ಕೆಂದಿತು. ಇಪ್ಪತ್ತು ವರ್ಷಗಳಿಂದ ಎರ್ಮಾಳಿನಿಂದ ಮೀನು ಹೊತ್ತು ಕಾಪುವಿನ ಈ ಮನೆಗೆ ಬರುತ್ತಿದ್ದವಳು ವಾರಿಜ. ಅವಳ ಹಣೆ ಬರಿದಾಗಿದ್ದದ್ದನ್ನು ಸಾರಮ್ಮ ಒಂದು ದಿನವೂ ನೋಡಿರಲಿಲ್ಲ. ವಾರಿಜಳ ಗಂಡ ಕಡಲಿಗೆ ಹೋಗುವವನು.

“ಎಂತ ಆಯಿತು ವಾರಿಜ? ಮನೆಯಲ್ಲಿ ಎಲ್ಲ...?”

“ಅಯ್ಯೋ, ಅವರಿಗೆಂತ ಆಗಿಲ್ಲ ಸಾರಮ್ಮಕ್ಕ. ಗಂಜಿ ಉಂಡು ಬಲೆ ಸರಿ ಮಾಡ್ತಾ ಕೂತಿದ್ದಾರೆ. ಬೊಟ್ಟು ಇಡ್ಲಿಕ್ಕೆ ಜಾಗ ಇಲ್ಲ ನನಗೆ. ಇದನ್ನು ನೋಡಿ.”

ವಾರಿಜ ಮುಂಗೂದಲು ಸರಿಸಿ ಮುಖ ಬೆಳಕಿಗೆ ಹಿಡಿದಳು. ಎರಡು ಹುಬ್ಬುಗಳ ನಡುವೆ ನಾಲ್ಕಾಣೆಯಷ್ಟು ಅಗಲಕ್ಕೆ ಚರ್ಮ ಕಪ್ಪಾಗಿ ದಪ್ಪವಾಗಿತ್ತು. ಅಂಚಿನಲ್ಲಿ ಒಡೆದು ನೀರು ಒಸರುತ್ತಿತ್ತು.

“ನಿಮ್ಮ ಚಾಂದು ಇಟ್ಟರೆ ಉರಿಯುತ್ತದೆ. ಇಡದಿದ್ದರೆ ದಾರಿಯಲ್ಲಿ ಸಿಕ್ಕಿದವರೆಲ್ಲ ನಿಮ್ಮ ಹಾಗೆಯೇ ಹೆದರಿ ಕೇಳುತ್ತಾರೆ. ಬೆಳಿಗ್ಗೆಯಿಂದ ನೀವು ಏಳನೆಯವರು.”

“ಅದು ಬಿಸಿಲಿಗೆ. ಉಪ್ಪುನೀರು, ಮೀನಿನ ಬುಟ್ಟಿಯ ನೀರು ಇಳಿಯುವುದಿಲ್ಲವಾ ಹಣೆಗೆ? ತೆಂಗಿನೆಣ್ಣೆ ಹಚ್ಚು,” ಎಂದಳು ಸಾರಮ್ಮ ಅವಸರವಾಗಿ.

“ಹಾಗೇ ಇರಬಹುದು,” ಎಂದು ವಾರಿಜ ಬಂಗುಡೆ ಎಣಿಸತೊಡಗಿದಳು. ಪಾತ್ರೆ ಹಿಡಿದು ಪಕ್ಕದಲ್ಲಿ ನಿಂತಿದ್ದ ಸೊಸೆ ಖೈರುನ್ನಿಸಾ ಮಾತ್ರ ಅವಳ ಹಣೆಯಿಂದ ಕಣ್ಣು ತೆಗೆಯಲಿಲ್ಲ.

ಚಾಂದು ಎಂದರೆ ಕಡ್ಡಿಯಲ್ಲಿ ಅದ್ದಿ ಹಣೆಗಿಡುವ ದ್ರವದ ಬೊಟ್ಟು. ಕಟಪಾಡಿಯಲ್ಲಿ ಸಾರಮ್ಮನ ಗಂಡ ಕುಂಞಾಲಿಯ ಫ್ಯಾನ್ಸಿ ಅಂಗಡಿ ಮುಚ್ಚುವ ಸ್ಥಿತಿಗೆ ಬಂದಿದ್ದಾಗ, ಬಳೆ ಮಾರುತ್ತಿದ್ದ ಮುದುಕಿಯೊಬ್ಬಳು ಅದನ್ನು ಮಾಡುವುದನ್ನು ಸಾರಮ್ಮನಿಗೆ ಕಲಿಸಿದ್ದಳು. ಗೋಂದು ನೆನೆಸಿ ಸೋಸುವುದು, ಪನ್ನೀರು ಮತ್ತು ಗ್ಲಿಸರಿನ್ ಸೇರಿಸುವುದು, ಮಂಗಳೂರಿನ ಬಂದರಿನಿಂದ ತಂದ ಕೆಂಪು ಪುಡಿ ಕಲಸುವುದು. ಹನ್ನೊಂದು ವರ್ಷಗಳಿಂದ ಅಡುಗೆಮನೆಯ ಮೂಲೆಯ ಒಲೆಯಲ್ಲಿ ಈ ಕೆಲಸ ನಡೆದಿತ್ತು. ಮಗಳು ಝೈನಬ್ ಶಾಲೆಯಿಂದ ಬಂದು ಸೀಸೆಗಳಿಗೆ ಚೀಟಿ ಅಂಟಿಸುವಳು. ಮಗ ಉಸ್ಮಾನ್ ಅವನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಬಸ್ಸಿನಲ್ಲಿ ಉಡುಪಿ, ಪಡುಬಿದ್ರಿ, ಕಾರ್ಕಳದ ಅಂಗಡಿಗಳಿಗೆ ಮುಟ್ಟಿಸುವನು. ಅಂಗಡಿಗಿಂತ ಹೆಚ್ಚಾಗಿ ಮನೆ ನಡೆಯುತ್ತಿದ್ದುದು ಈ ಸೀಸೆಗಳಿಂದಲೇ. ಸಾರಮ್ಮನಿಗೆ ಅದರ ಹೆಮ್ಮೆಯಿತ್ತು.

ಅಂದು ಮಧ್ಯಾಹ್ನ ಬಂಗುಡೆ ಸಾರು ಬಡಿಸುವಾಗ ಖೈರುನ್ನಿಸಾ ಮಾತು ತೆಗೆದಳು.

“ಮಾಮಿ, ವಾರಿಜಕ್ಕನ ಹಣೆಗೆ ಆದದ್ದು ಬಿಸಿಲಿನಿಂದ ಅಲ್ಲ ಅಂತ ಕಾಣುತ್ತದೆ. ಬಿಸಿಲಿನಿಂದಾದರೆ ಬೊಟ್ಟಿನಷ್ಟೇ ದುಂಡಗೆ ಯಾಕೆ ಆಗಬೇಕು?”

“ಮತ್ತೆ ಯಾವುದರಿಂದ?”

“ಆ ಬಣ್ಣ ಎಂತದ್ದು ಅಂತ ನಮಗೇ ಗೊತ್ತಿಲ್ಲವಲ್ಲ. ಕಾಗದದ ಪೊಟ್ಟಣದಲ್ಲಿ ಬರುತ್ತದೆ. ಹೆಸರಿಲ್ಲ, ಏನಿಲ್ಲ.”

ಸಾರಮ್ಮ ಸೌಟು ಕೆಳಗಿಟ್ಟಳು. “ನೀನು ಈ ಮನೆಗೆ ಬಂದು ಒಂದೂವರೆ ವರ್ಷ. ನಾನು ಇದನ್ನು ಮಾಡಲು ಹಿಡಿದು ಹನ್ನೊಂದು ವರ್ಷ. ಒಬ್ಬರಾದರೂ ಬಂದು ದೂರಿದ್ದುಂಟಾ? ಪಿಯುಸಿ ಓದಿದ್ದೇನೆ ಅಂತ ಎಲ್ಲದಕ್ಕೂ ಬಾಯಿ ಹಾಕುವುದಾ? ಆ ಪಿಯುಸಿ ಸಾರಿಗೆ ಉಪ್ಪು ಎಷ್ಟು ಅಂತಲೂ ಕಲಿಸಲಿಲ್ಲ ನಿನಗೆ!”

ಉಸ್ಮಾನ್ ನಕ್ಕ. ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿದ.

“ಮಾಮಿ, ಒಂದು ಕೇಳುತ್ತೇನೆ, ಬೇಜಾರು ಮಾಡಬೇಡಿ. ನಮ್ಮ ಮನೆಯಲ್ಲಿ ಯಾರಾದರೂ ಅದನ್ನು ಹಚ್ಚಿಕೊಂಡಿದ್ದೇವಾ? ನಾವು ಬೊಟ್ಟಿಡುವವರಲ್ಲ. ತುರಿಸುತ್ತದಾ, ಉರಿಯುತ್ತದಾ, ನಮಗೆ ಹೇಗೆ ಗೊತ್ತಾಗಬೇಕು?”

ಸಾರಮ್ಮ ಎದ್ದು ಒಂದು ಸೀಸೆ ತಂದಳು. ಮುಚ್ಚಳ ತಿರುಗಿಸಿ, ರವಕೆಯ ಉದ್ದ ತೋಳನ್ನು ಮೊಣಕೈಯವರೆಗೆ ಸರಿಸಿ, ಮುಂಗೈಯ ಒಳಭಾಗಕ್ಕೆ ಎಲ್ಲರೆದುರು ದೊಡ್ಡದೊಂದು ಕೆಂಪು ಬೊಟ್ಟಿಟ್ಟಳು.

“ಇಗೋ. ಎಷ್ಟು ದಿನ ಬೇಕು ಹೇಳು. ಸ್ನಾನ ಮಾಡಿ ಪುನಃ ಪುನಃ ಇಡುತ್ತೇನೆ. ಏನೂ ಆಗದಿದ್ದರೆ ಮತ್ತೆ ಈ ಸುದ್ದಿ ತೆಗೆಯಬಾರದು.”

“ಸಾರಾ, ಊಟದ ಹೊತ್ತಿಗೆ ಎಂತದ್ದು ಇದೆಲ್ಲ?” ಎಂದ ಕುಂಞಾಲಿ. ಅವನು ಜಗಳವನ್ನು ಕಂಡರೆ ಅನ್ನ ಕಲಸುವುದನ್ನು ಚುರುಕು ಮಾಡುವ ಮನುಷ್ಯ.

ಅಂದಿನಿಂದ ಅತ್ತೆ ಸೊಸೆಯೊಡನೆ ನೇರವಾಗಿ ಮಾತಾಡಲಿಲ್ಲ. “ಅಕ್ಕಿ ನೆನೆಯಲಿಕ್ಕೆ ಹಾಕಿದ್ದಾಳಾ ಕೇಳು,” ಎಂದು ಝೈನಬಳಿಗೆ ಹೇಳುವಳು. ಅಕ್ಕಿಯ ಮುಂದೆಯೇ ನಿಂತಿದ್ದ ಖೈರುನ್ನಿಸಾ, “ಹಾಕಿದ್ದೇನೆ ಅಂತ ಹೇಳು,” ಎನ್ನುವಳು. ನಡುವೆ ಸಿಕ್ಕಿದ ಝೈನಬ್ ಎರಡು ದಿನ ಸಂದೇಶ ಮುಟ್ಟಿಸಿ ಮೂರನೆಯ ದಿನ, “ನಿಮ್ಮಿಬ್ಬರಿಗೂ ಕಿವಿ ಉಂಟಲ್ಲ!” ಎಂದು ಪುಸ್ತಕ ಹಿಡಿದು ಹೊರಗೆ ಹೋದಳು.

ಎಂಟನೆಯ ದಿನ ಸಾರಮ್ಮ ಅಕ್ಕಿರೊಟ್ಟಿ ಪತ್ತಿರ್ ತಟ್ಟುತ್ತಿದ್ದ ಖೈರುನ್ನಿಸಾಳ ಮುಂದೆ ಕೈ ಚಾಚಿದಳು. “ನೋಡು. ಏನಾದರೂ ಉಂಟಾ?”

ಚರ್ಮ ನಯವಾಗಿಯೇ ಇತ್ತು. ಖೈರುನ್ನಿಸಾ ಸೋತವಳಂತೆ ತಲೆಯಾಡಿಸಿದಳು. ಸಾರಮ್ಮ ಅಂದು ಸಂಜೆ ಚಾಗೆ ಎಲ್ಲರಿಗೂ ಬಾಳೆಹಣ್ಣಿನ ಪೋಡಿ ಕರಿದಳು.

ಹದಿಮೂರನೆಯ ದಿನ ಬಾವಿಕಟ್ಟೆಯ ಹಿಂದೆ ತಾಯಿ ತೆಂಗಿನ ನಾರಿನಿಂದ ಮುಂಗೈ ಉಜ್ಜಿಕೊಳ್ಳುತ್ತಿದ್ದುದನ್ನು ಝೈನಬ್ ಕಂಡಳು. ಹತ್ತಿರ ಹೋದರೆ ಸಾರಮ್ಮ ತೋಳು ಇಳಿಸಿಬಿಟ್ಟಳು. ಮಗಳು ಬಿಡದೆ ಎಳೆದು ನೋಡಿದಳು. ಬೊಟ್ಟಿನ ಜಾಗ ಊದಿ ಕೆಂಪಗಾಗಿ ಸಣ್ಣ ಸಣ್ಣ ಗುಳ್ಳೆಗಳೆದ್ದಿದ್ದವು.

“ಉಮ್ಮ! ಯಾವಾಗಿನಿಂದ ಇದು?”

“ಮೂರು ದಿನ ಆಯಿತು. ಬೊಬ್ಬೆ ಹಾಕಬೇಡ.” ಸಾರಮ್ಮ ಕಟ್ಟೆಯ ಮೇಲೆ ಕುಳಿತಳು. “ನಿದ್ದೆ ಇಲ್ಲ ಮಾರಾಯ್ತಿ. ಕೈಗೇ ಹೀಗಾದರೆ ಹಣೆಗೆ ಹೇಗಿರಬೇಕು? ಅವಳು ಅದರ ಮೇಲೆ ಬಿಸಿಲಲ್ಲಿ ನಡೆಯುತ್ತಾಳೆ.”

ಮರುದಿನ ವಾರಿಜ ಮೀನು ತಂದಾಗ ಸಾರಮ್ಮ ಮೀನಿನ ಕಡೆ ನೋಡಲಿಲ್ಲ.

“ನಾಳೆ ಬುಟ್ಟಿ ಹೊರಬೇಡ. ನನ್ನೊಟ್ಟಿಗೆ ಮಣಿಪಾಲಕ್ಕೆ ಬಾ, ಚರ್ಮದ ಡಾಕ್ಟರಿಗೆ ತೋರಿಸುವಾ.” ಮತ್ತೆ ಒಳಗೆ ತಿರುಗಿ, ಹದಿನಾಲ್ಕು ದಿನಗಳ ನಂತರ ಮೊದಲ ಬಾರಿ ಸೊಸೆಯ ಹೆಸರು ಕರೆದಳು. “ಖೈರು, ನೀನೂ ಹೊರಡು. ಡಾಕ್ಟರು ಇಂಗ್ಲಿಷ್ ಮಾತಾಡಿದರೆ ನನಗೆ ಗೊತ್ತಾಗುವುದಿಲ್ಲ. ಆ ಬಣ್ಣದ ಪೊಟ್ಟಣವನ್ನೂ ತೆಗೆದುಕೋ.”

ಮಣಿಪಾಲದ ಆಸ್ಪತ್ರೆಯಲ್ಲಿ ಡಾಕ್ಟರು ಇಂಗ್ಲಿಷ್ ಮಾತಾಡಲಿಲ್ಲ. ಸಾರಮ್ಮ, ವಾರಿಜ ಇಬ್ಬರ ಬೆನ್ನಿಗೂ ಚಾಂದುವನ್ನೂ ಬರೀ ಗೋಂದನ್ನೂ ಬೇರೆ ಬೇರೆಯಾಗಿ ಹಚ್ಚಿ ಪಟ್ಟಿ ಅಂಟಿಸಿ, ನೀರು ಸೋಕಿಸದೆ ಎರಡು ದಿನ ಬಿಟ್ಟು ಬನ್ನಿ ಎಂದರು. ಆ ಎರಡು ದಿನ ಸಾರಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು ಓಡಾಡಿದಳು. ವಾರಿಜ ಮೀನು ತಂದವಳು, “ಸಾರಮ್ಮಕ್ಕ, ನಾವಿಬ್ಬರೂ ಹಲಗೆ ಕಟ್ಟಿದ ಹಾಗೆ ಆಗಿದ್ದೇವೆ ಅಲ್ವಾ?” ಎಂದು ನಕ್ಕಳು. ಸಾರಮ್ಮನಿಗೆ ನಗಲಾಗಲಿಲ್ಲ.

ಪಟ್ಟಿ ಬಿಚ್ಚಿದಾಗ ಗೋಂದಿನ ಜಾಗ ಇಬ್ಬರಿಗೂ ಸರಿಯಾಗಿತ್ತು. ಚಾಂದುವಿನ ಜಾಗ ಇಬ್ಬರಿಗೂ ಕೆಂಪಗೆ ಉಬ್ಬಿತ್ತು.

“ಇದನ್ನು ಎಲ್ಲಿಂದ ತಂದಿರಿ?” ಡಾಕ್ಟರು ಸೀಸೆಯನ್ನು ತಿರುಗಿಸಿ ನೋಡುತ್ತ ಕೇಳಿದರು.

ಖೈರುನ್ನಿಸಾ ನೆಲ ನೋಡಿದಳು. ಸಾರಮ್ಮ ತಲೆಯ ಮೇಲಿನ ಬಟ್ಟೆ ಸರಿಪಡಿಸಿಕೊಂಡು, “ನಾನೇ ಮಾಡಿದ್ದು,” ಎಂದಳು.

ವಾರಿಜ ತಟ್ಟನೆ, “ಬೇಕೆಂತ ಮಾಡಿದ್ದಲ್ಲ ಡಾಕ್ಟ್ರೆ,” ಎಂದಳು.

ಡಾಕ್ಟರು ಬೈಯಲಿಲ್ಲ. ಪೊಟ್ಟಣ ಬಿಡಿಸಿ ನೋಡಿದರು. “ಇದು ನೂಲಿಗೋ ಚಾಪೆಗೋ ಹಾಕುವ ಬಣ್ಣ ಇರಬೇಕು. ನೋಡಿ, ಕೆಂಪು ಅಂದರೆ ಎಲ್ಲ ಕೆಂಪೂ ಒಂದೇ ಅಲ್ಲ. ಮೈಗೆ ಹಚ್ಚುವುದಕ್ಕೆ ಯಾವ ಬಣ್ಣ ಆಗುತ್ತದೆ ಅಂತ ಸರಕಾರದ ಒಂದು ಪಟ್ಟಿ ಉಂಟು. ಆ ಪಟ್ಟಿಯ ಬಣ್ಣವೇ ಆಗಬೇಕು. ಅದರಲ್ಲೂ ಸೀಸ, ಆರ್ಸೆನಿಕ್ ಮಿತಿ ಮೀರಿಲ್ಲ ಅಂತ ಪರೀಕ್ಷೆ ಆಗಿರಬೇಕು. ಮಾಡುವವರಿಗೆ ಲೈಸನ್ಸ್ ಬೇಕು.”

“ಅಡುಗೆಮನೆಯಲ್ಲಿ ಮಾಡುವುದಕ್ಕೂ ಲೈಸನ್ಸಾ?”

“ಅಡುಗೆಮನೆಯಲ್ಲಿ ಮಾಡುವ ಹಾಗೆಯೇ ಇಲ್ಲ ಅಮ್ಮ.”

ವಾರಿಜಳಿಗೆ ಮುಲಾಮು ಬರೆದುಕೊಟ್ಟರು. ಚಾಂದು ಬಿಟ್ಟರೆ ಎರಡು ಮೂರು ತಿಂಗಳಲ್ಲಿ ಕಲೆ ಇಳಿಯುತ್ತದೆ ಎಂದರು. ಉಡುಪಿಯಲ್ಲಿ ಬಸ್ಸು ಬದಲಿಸುವಾಗ ಸಾರಮ್ಮ ವಾರಿಜಳ ಕೈ ಹಿಡಿದು, “ನನ್ನ ಮೇಲೆ ಸಿಟ್ಟುಂಟಾ?” ಎಂದು ಕೇಳಿದಳು.

“ಇತ್ತು. ಆ ತೋಳಿನ ಗುಳ್ಳೆ ನೋಡಿದ ಮೇಲೆ ಹೋಯಿತು,” ಎಂದಳು ವಾರಿಜ.

ಮನೆಗೆ ಬಂದವಳೇ ಸಾರಮ್ಮ ಒಲೆಯ ಮೂಲೆಯಲ್ಲಿದ್ದ ಪಾತ್ರೆಯನ್ನು ಹಿತ್ತಿಲ ಗುಂಡಿಗೆ ಸುರಿದಳು. ಉಸ್ಮಾನ್ ಬಂದಾಗ ಹೇಳಿದಳು: “ಅಂಗಡಿಗಳಲ್ಲಿ ಇರುವುದನ್ನೆಲ್ಲ ವಾಪಸು ತಾ. ಒಂದು ಸೀಸೆಯೂ ಹೊರಗೆ ಉಳಿಯಬಾರದು.”

“ಉಮ್ಮ, ಮದುವೆಯ ಕಾಲ ಶುರುವಾಗುತ್ತದೆ. ಈಗ ವಾಪಸು ಕೇಳಿದರೆ ಮುಂದೆ ಯಾರು ತೆಗೆದುಕೊಳ್ಳುತ್ತಾರೆ? ಇದ್ದದ್ದು ಮುಗಿಯಲಿ, ಮತ್ತೆ ನಿಲ್ಲಿಸುವಾ.”

“ಮುಗಿಯುವುದು ಅಂದರೆ ಎಲ್ಲಿ ಮುಗಿಯುವುದು? ಯಾರದೋ ಹಣೆಯ ಮೇಲೆ, ಅಲ್ವಾ?”

ಉಸ್ಮಾನ್ ಪೆಟ್ಟಿಗೆ ಹೊತ್ತು ನಾಲ್ಕು ದಿನ ತಿರುಗಿದ. ಉಡುಪಿಯಿಂದ, ಪಡುಬಿದ್ರಿಯಿಂದ ಸೀಸೆಗಳು ಬಂದವು. ಕಟಪಾಡಿಯ ಅಂಗಡಿಯ ಸಾಲನ್ನು ಕುಂಞಾಲಿಯೇ ಖಾಲಿ ಮಾಡಿದ. ಕಾರ್ಕಳದ್ದು ಮಾತ್ರ ಬರಲಿಲ್ಲ. ಕೇಳಿದರೆ ಉಸ್ಮಾನ್, “ಅವರು ಆಮೇಲೆ ಕೊಡುತ್ತೇವೆ ಅಂದರು,” ಎನ್ನುವನು.

ಒಂದು ವಾರ ಕಳೆದು, ರಾತ್ರಿಯೂಟದ ಗಂಜಿಗೆ ಒಣಮೀನಿನ ಚಟ್ನಿ ಬಡಿಸುತ್ತಿದ್ದ ಖೈರುನ್ನಿಸಾ ಗಂಡನನ್ನು ಕೇಳಿದಳು. “ನೀವು ಕಾರ್ಕಳಕ್ಕೆ ಹೋಗಿದ್ದೀರಾ ನಿಜವಾಗಿ? ಕಾರ್ಕಳದಿಂದ ನನ್ನ ಬಾಪನ ಕಾಗದ ನಿನ್ನೆ ಬಂತು. ಅಳಿಯ ಈ ಕಡೆ ಬಾರದೆ ತಿಂಗಳಾಯಿತು ಅಂತ.”

ಉಸ್ಮಾನ್‌ನ ಕೈ ಬಟ್ಟಲಲ್ಲಿ ನಿಂತಿತು. “ಹೋಗಲಿಲ್ಲ. ಅಲ್ಲಿ ನಾಲ್ಕು ಅಂಗಡಿ ಉಂಟು, ನಮ್ಮ ಅರ್ಧ ವ್ಯಾಪಾರ ಅಲ್ಲಿಯೇ. ಅದೂ ಹೋದರೆ ಎಂತ ತಿನ್ನುವುದು? ನೀನು ಬಾಯಿ ಹಾಕದಿದ್ದರೆ ಈ ಮನೆಯಲ್ಲಿ ಇದೊಂದೂ ಆಗುತ್ತಿರಲಿಲ್ಲ.”

“ನಾನು ಬಾಯಿ ಮುಚ್ಚಿದ್ದರೆ ವಾರಿಜಕ್ಕನ ಹಣೆ ಸರಿಯಾಗುತ್ತಿತ್ತಾ?”

“ಅವಳನ್ನು ಬೈಯಬೇಡ,” ಎಂದಳು ಸಾರಮ್ಮ ಮಗನಿಗೆ. ಅವಳ ದನಿ ಏರಿರಲಿಲ್ಲ. ಉಣ್ಣುತ್ತಿದ್ದ ಬಟ್ಟಲನ್ನು ಅರ್ಧಕ್ಕೇ ಬಿಟ್ಟು ಎದ್ದಳು. “ನಾಳೆ ಕಾರ್ಕಳಕ್ಕೆ ನಾನೇ ಹೋಗುತ್ತೇನೆ. ಖೈರು ಬರುತ್ತಾಳೆ. ನೀನು ಮನೆಯಲ್ಲಿ ಇರು.”

ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ, ಬೆಳ್ಮಣ್ ದಾಟಿ ಕಾರ್ಕಳಕ್ಕೆ ಮುಟ್ಟುವಾಗ ಬಿಸಿಲೇರಿತ್ತು. ಮೂರು ಅಂಗಡಿಯವರು ಗೊಣಗುತ್ತ ಸೀಸೆಗಳನ್ನು ಕೊಟ್ಟರು. ನಾಲ್ಕನೆಯದು ಊರವರು ಪೊರ್ಬುಗಳೆಂದು ಕರೆಯುವ ಮೌರಿಸ್ ಎಂಬವರ ಅಂಗಡಿ, ಪೇಟೆಯಲ್ಲೇ ದೊಡ್ಡದು.

“ಬೇರೆ ಯಾರಾದರೂ ಹೆಚ್ಚು ಕೊಡುತ್ತೇವೆ ಅಂದರಾ?” ಎಂದು ಕೇಳಿದರು ಮೌರಿಸ್.

“ಇಲ್ಲ ಪೊರ್ಬುಗಳೆ. ಇದು ಹಣೆಗೆ ಆಗುವುದಿಲ್ಲ. ಒಬ್ಬಳಿಗೆ ಹುಣ್ಣಾಗಿದೆ. ನನಗೂ ಆಯಿತು.” ಸಾರಮ್ಮ ತೋಳು ಸರಿಸಿ ತೋರಿಸಿದಳು.

ಮೌರಿಸ್ ಕನ್ನಡಕ ತೆಗೆದು ಒರೆಸಿದರು. “ಮೂವತ್ತು ವರ್ಷದಿಂದ ಅಂಗಡಿಯಲ್ಲಿ ಕೂತಿದ್ದೇನೆ. ಮಾರುವವರು ಬಂದು ತಮ್ಮ ಮಾಲು ಕೆಟ್ಟದು ಅಂತ ಹೇಳಿದ್ದು ಇದೇ ಮೊದಲು.” ಅವರು ಒಳಗಿಂದ ಸೀಸೆಗಳನ್ನು ತಾವೇ ತಂದು ಪೆಟ್ಟಿಗೆಗೆ ಜೋಡಿಸಿದರು. “ಸರಿಯಾದದ್ದು ಮಾಡಿದರೆ ಮೊದಲು ನನಗೆ ಕೊಡಬೇಕು, ಆಯಿತಾ?”

ಹೊರಗೆ ಬಂದ ಮೇಲೆ ಖೈರುನ್ನಿಸಾ ಅತ್ತೆಯನ್ನು ಹತ್ತಿರದಲ್ಲೇ ಇದ್ದ ತನ್ನ ತವರಿಗೆ ಕರೆದೊಯ್ದಳು. ಶಾಲಾ ಮಾಸ್ತರರಾದ ಅವಳ ತಂದೆ ಅಬ್ಬಾಸ್ ಬೀಗಿತ್ತಿಗೆ ಎಳನೀರು ಕೆತ್ತಿಕೊಟ್ಟರು. ಸಾರಮ್ಮ ಅಲ್ಲಿ ಮಗನ ಸುಳ್ಳಿನ ಸುದ್ದಿ ಎತ್ತಲಿಲ್ಲ. ಸೊಸೆಯೂ ಎತ್ತಲಿಲ್ಲ.

ಮುಂದಿನ ಎರಡು ವಾರ ಮನೆಯ ಖರ್ಚು ಬಿಗಿಯಾಯಿತು. ಮೀನು ವಾರಕ್ಕೆ ಎರಡು ದಿನಕ್ಕಿಳಿಯಿತು. ಉಳಿದ ದಿನ ಬಸಳೆ, ಸೌತೆ, ಹೆಚ್ಚೆಂದರೆ ಒಣ ಸಿಗಡಿ. ಉಸ್ಮಾನ್ ಬೆಳಿಗ್ಗೆ ಕಟಪಾಡಿಗೆ ಹೋಗಿ ಬಾಪನ ಅಂಗಡಿಯಲ್ಲಿ ಸುಮ್ಮನೆ ಕೂರುವನು. ಒಂದು ಬೆಳಿಗ್ಗೆ ಅವನು ಏದುಸಿರು ಬಿಡುತ್ತ ಮನೆಗೆ ಓಡಿಬಂದ.

“ಡ್ರಗ್ಸ್ ಇನ್ಸ್‌ಪೆಕ್ಟರ್ ಬಂದಿದ್ದಾರೆ ಮಂಗಳೂರಿನಿಂದ! ತಾಲೂಕಿನ ಅಂಗಡಿಗಳಲ್ಲೆಲ್ಲ ಚಾಂದು, ಪೌಡರು ನೋಡುತ್ತಿದ್ದಾರಂತೆ. ಯಾರದೋ ಅಂಗಡಿಯಲ್ಲಿ ನಮ್ಮ ಚೀಟಿಯ ಖಾಲಿ ಸೀಸೆ ಸಿಕ್ಕಿದೆ. ಬಾಪ ಅವರನ್ನು ಇಲ್ಲಿಗೇ ಕರೆದುಕೊಂಡು ಬರುತ್ತಿದ್ದಾರೆ.”

“ಇಲ್ಲಿಗೆ ಯಾಕೆ ಕರೆದುಕೊಂಡು ಬರುವುದು?” ಝೈನಬ್ ಅಳುವಂತಾದಳು.

“ಮತ್ತೆ ಸುಳ್ಳು ಹೇಳುವುದಾ?” ಎಂದಳು ಸಾರಮ್ಮ. ಆದರೆ ಅವಳೂ ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತಿದ್ದಳು.

ಇನ್ಸ್‌ಪೆಕ್ಟರ್ ಇಮ್ಯಾನುಯೆಲ್ ನಡುವಯಸ್ಸಿನ ಸಣಕಲು ಮನುಷ್ಯ. ಕೊಟ್ಟ ಚಾ ಕುಡಿಯಲಿಲ್ಲ. ಲೈಸನ್ಸ್ ಇಲ್ಲದೆ ಮಾಡಿ ಮಾರಿದ್ದು ಕೇಸು ಹಾಕುವ ವಿಷಯವೆಂದು ಮೊದಲೇ ಹೇಳಿದರು. ಸಾರಮ್ಮ ನಡೆದದ್ದನ್ನೆಲ್ಲ ವಾರಿಜಳಿಂದ ಮೊದಲು ಮಾಡಿ ಮೌರಿಸರ ಅಂಗಡಿಯವರೆಗೆ ಹೇಳಿದಳು. ಮಣಿಪಾಲದ ಚೀಟಿ ತೋರಿಸಿದಳು. ಉಸ್ಮಾನ್ ಹಿತ್ತಿಲ ಕೊಟ್ಟಿಗೆಯಿಂದ ನಾಲ್ಕು ಪೆಟ್ಟಿಗೆ ಹೊತ್ತು ತಂದು ಇಳಿಸಿದ.

“ಇಷ್ಟನ್ನೂ ನೀವಾಗಿಯೇ ವಾಪಸು ತಂದದ್ದಾ? ಯಾರೂ ನೋಟೀಸು ಕೊಡದೆ?”

“ನೋಟೀಸು ಕೊಟ್ಟದ್ದು ಇದು,” ಎಂದು ಸಾರಮ್ಮ ತೋಳಿನ ಕಲೆ ತೋರಿಸಿದಳು.

ಇಮ್ಯಾನುಯೆಲ್ ಬಹಳ ಹೊತ್ತು ಬರೆದರು. ಎರಡು ಸೀಸೆಗಳನ್ನು ಅರಗಿನ ಮುದ್ರೆ ಒತ್ತಿ ತೆಗೆದುಕೊಂಡರು. ಉಳಿದವನ್ನು ತಮ್ಮೆದುರೇ ಗುಂಡಿಗೆ ಸುರಿಸಿದರು. “ನಾನು ಕಂಡದ್ದನ್ನು ಕಂಡ ಹಾಗೆ ಬರೆದಿದ್ದೇನೆ. ಮಾರಾಟದಲ್ಲಿ ಮಾಲು ಸಿಗಲಿಲ್ಲ, ತಾವೇ ಹಿಂದೆ ತೆಗೆದಿದ್ದಾರೆ ಅಂತ. ಮೇಲಿನವರು ಎಚ್ಚರಿಕೆ ಕೊಟ್ಟು ಬಿಡಬಹುದು. ಮಾತು ಕೊಡಲು ನನ್ನಿಂದ ಆಗುವುದಿಲ್ಲ.” ಹೊರಟವರು ಮೆಟ್ಟಿಲಲ್ಲಿ ನಿಂತರು. “ಕೈ ಕಲಿತ ಕೆಲಸ ಬಿಡುವುದು ಯಾಕೆ? ಬೇರೆ ಕೋಣೆ ಮಾಡಿ ಅರ್ಜಿ ಹಾಕಿ. ಪಟ್ಟಿಯಲ್ಲಿರುವ ಬಣ್ಣವನ್ನು ಮುದ್ರೆಯಿರುವ ಡಬ್ಬದಲ್ಲೇ ತನ್ನಿ. ಆದರೆ ಕೆಲಸ ನೋಡಿಕೊಳ್ಳಲು ಕೆಮಿಸ್ಟ್ರಿ ಓದಿ ಪಾಸಾದವರು ಒಬ್ಬರು ಬೇಕು. ಸೈನ್ಸ್‌ನಲ್ಲಿ ಪಿಯುಸಿ ಆದರೂ ಕೇಳಿ ನೋಡಬಹುದು.”

“ಅಂಥವರನ್ನು ಸಂಬಳಕ್ಕೆ ಇಡಲು ನಮ್ಮಿಂದ ಎಲ್ಲಿ ಸಾಧ್ಯ ಸರ್?” ಎಂದ ಉಸ್ಮಾನ್.

ಯಾವತ್ತೂ ಕೊನೆಗೆ ಮಾತಾಡುವ ಕುಂಞಾಲಿ ಅಂದು ಎಲ್ಲರಿಗಿಂತ ಮೊದಲು ಹೇಳಿದ. “ಮನೆಯಲ್ಲೇ ಇದ್ದಾಳಲ್ಲ, ಮಾರಾಯ.”

ಎಲ್ಲರೂ ಬಾಗಿಲ ಹಿಂದೆ ನಿಂತಿದ್ದ ಖೈರುನ್ನಿಸಾಳ ಕಡೆ ತಿರುಗಿದರು. ಅವಳು ಗಾಬರಿಯಾಗಿ ಸೆರಗು ತಲೆಗೆಳೆದುಕೊಂಡಳು. “ಕೆಮಿಸ್ಟ್ರಿಯಲ್ಲಿ ಅರವತ್ತೆಂಟು ಬಂದಿತ್ತು,” ಎಂದಳು ಮೆಲ್ಲಗೆ.

ಮರುದಿನ ಅಂಕಪಟ್ಟಿ ತರಲು ಉಸ್ಮಾನ್ ತಾನಾಗಿಯೇ ಕಾರ್ಕಳಕ್ಕೆ ಹೊರಟ. ಹೊರಡುವಾಗ ಹೆಂಡತಿಯ ಹತ್ತಿರ ಬಂದು, “ನಿನ್ನ ಬಾಪನ ಹತ್ತಿರ ಎಂತ ಹೇಳಲಿ?” ಎಂದು ಕೇಳಿದ.

“ಇದ್ದದ್ದನ್ನು ಹೇಳಿ. ಅವರು ಮಾಸ್ತರು, ತಪ್ಪು ಮಾಡಿದವರನ್ನು ಬಹಳ ನೋಡಿದ್ದಾರೆ.”

ಸಂಜೆ ಅವನು ಅಂಕಪಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು ಬಂದ. ತನ್ನ ತಂದೆ ಬೈದರಾ ಎಂದು ಹೆಂಡತಿ ಕೇಳಿದಾಗ, “ಬೈಯಲಿಲ್ಲ. ಊಟ ಹಾಕಿದರು. ಅದೇ ಕಷ್ಟವಾಯಿತು,” ಎಂದ.

ಕುಂಞಾಲಿ ಮಲಗುತ್ತಿದ್ದ ಜಗಲಿಯ ಪಕ್ಕದ ಕೋಣೆ ಖಾಲಿಯಾಯಿತು. ಉಸ್ಮಾನ್ ಗೋಡೆಗೆ ಸುಣ್ಣ ಬಳಿದು, ನೆಲಕ್ಕೆ ಸಿಮೆಂಟು ಹಾಕಿಸಿ, ಕಿಟಕಿಗೆ ಜಾಲರಿ ಬಡಿದ. ಅದರ ಖರ್ಚಿಗೆ ಸಾರಮ್ಮ ಕಿವಿಯ ಚಿನ್ನದ ಅಲಿಕತ್ತುಗಳಲ್ಲಿ ಒಂದು ಜೊತೆ ಬಿಚ್ಚಿಕೊಟ್ಟಳು. ಮುಂಬಯಿಯಿಂದ ಬರುವ ಬಣ್ಣದ ಡಬ್ಬವನ್ನು ಮಂಗಳೂರಿನ ಏಜೆಂಟರ ಮೂಲಕ ತರಿಸಿದರು. ಬೆಲೆ ಕೇಳಿ ಉಸ್ಮಾನ್ ಬಾಯಿ ತೆರೆದ, ಉಮ್ಮನ ಮುಖ ನೋಡಿ ಮುಚ್ಚಿದ. ಡಬ್ಬದ ಮೇಲೆ ಬಣ್ಣದ ಹೆಸರು, ನಂಬರು, ತಯಾರಾದ ದಿನ, ಒಳಗೆ ಪರೀಕ್ಷೆಯ ಚೀಟಿ. ಖೈರುನ್ನಿಸಾ ಅದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟಳು.

ಕಲಸುವ ದಿನ ಮತ್ತೆ ಜಗಳವಾಯಿತು. ಸಾರಮ್ಮ ಎಂದಿನಂತೆ ಅಂಗೈಯಲ್ಲಿ ಪುಡಿ ಅಳೆಯಹೋದಳು.

“ಮಾಮಿ, ತೂಕ ಮಾಡಬೇಕು.”

“ನನ್ನ ಕೈಗೆ ಹನ್ನೊಂದು ವರ್ಷದ ಅಂದಾಜು ಉಂಟು.”

“ಗೋಂದಿಗೆ ನಿಮ್ಮ ಅಂದಾಜು. ಬಣ್ಣಕ್ಕೆ ತಕ್ಕಡಿ.”

ಸಾರಮ್ಮ ಸೊಸೆಯನ್ನು ದಿಟ್ಟಿಸಿ ನೋಡಿದಳು. ಮತ್ತೆ ಕೈ ಕೊಡವಿದಳು. “ಆಯಿತು ಮಾರಾಯ್ತಿ, ತಕ್ಕಡಿ.”

ಇಮ್ಯಾನುಯೆಲ್ ಬಂದು ಕೋಣೆ ನೋಡಿದರು. ನೀರು ಹೋಗುವ ತೂಬು ಸಣ್ಣದಾಯಿತೆಂದು ಇನ್ನೊಮ್ಮೆ ಒಡೆಸಿದರು. ಕೊನೆಗೆ ಮೊದಲ ಪಾಕದ ಮೂರು ಸೀಸೆ ಮುದ್ರೆ ಹಾಕಿ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದರು. ವರದಿ ಬರುವವರೆಗೆ ಒಂದನ್ನೂ ಮಾರುವಂತಿರಲಿಲ್ಲ. ಹಳೆಯ ಚಾಂದುವಿನ ಕೇಸು ಏನಾಯಿತೆಂದೂ ತಿಳಿದಿರಲಿಲ್ಲ.

ಐದು ವಾರ ಕಾದರು. ಮಾರ್ಚ್ ಕಳೆದು ಸೆಕೆ ಹೆಚ್ಚಿತು. ವಾರಿಜಳ ಹಣೆಯ ಕಪ್ಪು ತಿಳಿಯಾಗುತ್ತ ಬಂದು, ಒಂದು ದಿನ ಹುಡುಕಿ ನೋಡಿದರೆ ಮಾತ್ರ ಕಾಣುವಷ್ಟಾಯಿತು. ಅವಳಿಗೆ ಎರ್ಮಾಳಿನ ಮದುವೆಯೊಂದಕ್ಕೆ ಹೋಗುವುದಿತ್ತು.

“ಹೊಸದು ಮಾಡಿಟ್ಟಿದ್ದೀರಲ್ಲ, ಒಂದು ಕೊಡಿ ಸಾರಮ್ಮಕ್ಕ. ಸರಕಾರದ ಬಣ್ಣ ಅಲ್ವಾ, ಇನ್ನೆಂತ ಹೆದರಿಕೆ?”

“ನನ್ನ ಕೈಗೆ ದಿನಾ ಹಚ್ಚುತ್ತಿದ್ದೇನೆ, ಒಂದು ತಿಂಗಳಾಯಿತು, ಏನೂ ಆಗಲಿಲ್ಲ. ಆದರೂ ಕೊಡುವುದಿಲ್ಲ. ಕಾಗದ ಬರಲಿ.”

“ನಿಮ್ಮ ಕೈಯನ್ನು ನಂಬಬಾರದಾ ನಾನು?”

“ಹನ್ನೊಂದು ವರ್ಷ ನಂಬಿದ್ದು ಸಾಲದಾ?” ಎಂದಳು ಸಾರಮ್ಮ. ವಾರಿಜ ಮದುವೆಗೆ ಅರಸಿನದ ಮನೆಕುಂಕುಮ ಇಟ್ಟು ಹೋದಳು.

ಏಪ್ರಿಲ್ ಎರಡನೆಯ ವಾರ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಅಂಚೆಯವನು ಉದ್ದ ಲಕೋಟೆಯೊಂದನ್ನು ಕೊಟ್ಟು ಸಹಿ ಹಾಕಿಸಿಕೊಂಡ. ಕುಂಞಾಲಿ ಅಂಗಡಿ ಬಿಟ್ಟು ಬಂದಿದ್ದ, ಹಿಂದಿನ ದಿನದಿಂದ ಹೊಟ್ಟೆ ಸರಿಯಿಲ್ಲವೆಂದು. ಖೈರುನ್ನಿಸಾ ಮೆಟ್ಟಿಲಿನಲ್ಲೇ ಲಕೋಟೆ ಹರಿದಳು. ಒಳಗೆ ಎರಡು ಕಾಗದಗಳಿದ್ದವು.

“ಓದು,” ಎಂದಳು ಸಾರಮ್ಮ. ಅವಳ ಕೈಯಲ್ಲಿ ಅರ್ಧ ಹೆರೆದ ತೆಂಗಿನ ಕಡಿ ಇತ್ತು.

“ಒಂದು ನಿಮಿಷ ಮಾಮಿ.” ಖೈರುನ್ನಿಸಾ ಸಾಲುಗಳ ಮೇಲೆ ಬೆರಳಿಟ್ಟು ಕೊನೆಯವರೆಗೆ ಓದಿಕೊಂಡಳು. ಮತ್ತೆ ಹೇಳಿದಳು: “ಸೀಸ ಮಿತಿಯೊಳಗೆ. ಆರ್ಸೆನಿಕ್ ಮಿತಿಯೊಳಗೆ. ಬಣ್ಣ ಪಟ್ಟಿಯಲ್ಲಿರುವುದೇ. ಗುಣಮಟ್ಟ ಸರಿಯಾಗಿದೆ ಅಂತ ಬರೆದಿದ್ದಾರೆ.”

“ಸರಿಯಾಗಿದೆ ಅಂತಲಾ, ಸರಿಯಾಗಿಲ್ಲ ಅಂತಲಾ?”

“ಸರಿಯಾಗಿದೆ ಅಂತ.”

“ಪುನಃ ಓದು.”

ಅವಳು ಪುನಃ ಓದಿದಳು. ಎರಡನೆಯ ಕಾಗದವನ್ನು ಉಸ್ಮಾನ್ ಅವಳ ಭುಜದ ಮೇಲಿಂದ ನೋಡುತ್ತಿದ್ದ. ಹಳೆಯ ಮಾಲಿನ ಬಗ್ಗೆ ಎಚ್ಚರಿಕೆ ಕೊಟ್ಟು ಕಡತ ಮುಚ್ಚಲಾಗಿದೆ, ಹೊಸ ಲೈಸನ್ಸನ್ನು ಕಚೇರಿಗೆ ಬಂದು ಪಡೆಯಬಹುದು ಎಂದಿತ್ತು. ಅವನು ಅದನ್ನು ಗಟ್ಟಿಯಾಗಿ ಹೇಳಿದ.

ಸಾರಮ್ಮ ತೆಂಗಿನಕಡಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. “ಯಾ ಅಲ್ಲಾಹ್,” ಎಂದಳು. ಆಮೇಲೆ ಜೋರಾಗಿ ಅತ್ತಳು, ಮಕ್ಕಳೆದುರು ಅವಳು ಅತ್ತದ್ದು ಅದೇ ಮೊದಲು. ಖೈರುನ್ನಿಸಾ ಪಕ್ಕದಲ್ಲಿ ಕುಳಿತು ಅವಳ ಬೆನ್ನಿಗೆ ಕೈಯಿಟ್ಟಳು.

“ಹೊಟ್ಟೆ ಸರಿಯಾಯಿತು ಅಂತ ಕಾಣುತ್ತದೆ,” ಎಂದ ಕುಂಞಾಲಿ. “ಊಟಕ್ಕೆ ಎಂತ ಉಂಟು?”

ಝೈನಬ್ ನಗುತ್ತ ಹೊಸ ಸೀಸೆಗಳಿಗೆ ಚೀಟಿ ಅಂಟಿಸಲು ಓಡಿದಳು. ಮೊದಲ ಪೆಟ್ಟಿಗೆ ಮಾತಿನಂತೆ ಮೌರಿಸರ ಅಂಗಡಿಗೆ ಹೋಯಿತು. ಒಂದು ಸೀಸೆ ಮಾತ್ರ ಅದಕ್ಕಿಂತ ಮೊದಲೇ ವಾರಿಜಳಿಗೆಂದು ಎರ್ಮಾಳಿಗೆ ಹೋಗಿತ್ತು.

ಜೂನ್ ಹತ್ತಿರವಾದಾಗ ಬಣ್ಣದ ಎರಡನೆಯ ಡಬ್ಬ ಬಂತು. ಉಸ್ಮಾನ್ ಖುಷಿಯಲ್ಲಿದ್ದ, ಏಜೆಂಟರು ಈ ಸಲ ಬೆಲೆಯಲ್ಲಿ ಸ್ವಲ್ಪ ಬಿಟ್ಟಿದ್ದರು. ಖೈರುನ್ನಿಸಾ ಡಬ್ಬವನ್ನು ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿದಳು. ಮುಚ್ಚಳದ ಮುದ್ರೆ ಒಂದು ಬದಿಯಲ್ಲಿ ಎದ್ದಿತ್ತು. ಒಳಗೆ ಚೀಟಿ ಇರಲಿಲ್ಲ.

“ಬಣ್ಣ ಅದೇ ಖೈರು, ನೋಡು, ಅದೇ ಕೆಂಪು. ಕಂಪೆನಿಯೂ ಅದೇ. ದಾರಿಯಲ್ಲಿ ಎಲ್ಲಿಯೋ ತಾಗಿರಬೇಕು. ಹಬ್ಬದ ಆರ್ಡರು ಬಂದಿದೆ, ಇನ್ನೊಂದು ತರಿಸಲು ಎರಡು ವಾರ ಬೇಕು.”

ಖೈರುನ್ನಿಸಾ ಅತ್ತೆಯ ಕಡೆ ನೋಡಿದಳು. ಸಾರಮ್ಮ ಮೀನಿಗೆ ಮಸಾಲೆ ಅರೆಯುತ್ತಿದ್ದಳು.

“ನನ್ನನ್ನು ಯಾಕೆ ನೋಡುವುದು? ಲೈಸನ್ಸಿನಲ್ಲಿ ಇರುವುದು ನಿನ್ನ ಹೆಸರು. ಆಗುತ್ತದಾ, ಆಗುವುದಿಲ್ಲವಾ?”

“ಆಗುವುದಿಲ್ಲ ಮಾಮಿ.”

“ಕೇಳಿತಲ್ಲ ಉಸ್ಮಾನ್?” ಸಾರಮ್ಮ ಅರೆಯುವ ಕಲ್ಲಿನಿಂದ ತಲೆಯೆತ್ತಲಿಲ್ಲ. “ನಾಳೆ ಮೊದಲ ಬಸ್ಸಿಗೆ ವಾಪಸು ಕೊಂಡುಹೋಗು. ಈಗ ಕೈ ತೊಳೆದು ಬಾ, ಅನ್ನ ಆರುತ್ತದೆ.”

ಉಸ್ಮಾನ್ ಡಬ್ಬವನ್ನು ಚೀಲಕ್ಕೆ ಹಾಕಿ, ಕೈ ತೊಳೆಯಲು ಬಾವಿಕಟ್ಟೆಗೆ ಹೋದ.